ಆರಿದ ಬೆಂಕಿಯ ಮೇಲೊಂದು ರಾಜಧಾನಿ

ಕನ್ನಡದ ಅಧ್ಯಾಪಕನಿಗೆ ಅಗ್ನಿಪರ್ವತದ ವಿಷಯ ಹೇಳುವ ಪ್ರಸಂಗ ಬರುವುದು ಅಪರೂಪ. ಕಳೆದ ಚಳಿಗಾಲದಲ್ಲಿ ನನಗೆ ಅಂಥದೊಂದು ಪ್ರಸಂಗ ಒದಗಿತು. ಪ್ರವಾಸ ಸಾಹಿತ್ಯದ ಪಾಠ ನಡೆದಿತ್ತು. ಮಾತಿಗೆ ಮಾತು ಬಂದು, ಇಟಲಿಯ ನೇಪಲ್ಸ್ ನಗರದ ಮಗ್ಗುಲಿನ ವೆಸೂವಿಯಸ್ ಪರ್ವತದ ಕಥೆಯನ್ನು ಹುಡುಗರಿಗೆ ಹೇಳತೊಡಗಿದೆ. ಕ್ರಿ.ಶ. ೭೯ರಲ್ಲಿ ಆ ಪರ್ವತ ಬಾಯ್ದೆರೆದು ಕಾರಿದ ಬೂದಿ ಕಲ್ಲುಗಳ ಕೆಳಗೆ ಪಾಂಪೆ ಎಂಬ ಸಿರಿವಂತ ಪಟ್ಟಣ ಹೂತುಹೋಯಿತು. ಕಿರಿಯ ಪ್ಲಿನಿ ಅದನ್ನು ದೂರದಿಂದ ಕಂಡು, ಮುಂದೆ ಇತಿಹಾಸಕಾರ ಟ್ಯಾಸಿಟಸನಿಗೆ ಎರಡು ಪತ್ರ ಬರೆದನು. ೧೭೪೮ರಲ್ಲಿ ಅಗೆತ ಆರಂಭವಾದ ಮೇಲೆ ಬೀದಿ, ಮನೆ, ಗೋಡೆಯ ಚಿತ್ರ, ಒಲೆಯೊಳಗಿದ್ದ ರೊಟ್ಟಿ ಕೂಡ ಹೊರಬಂದವು. ಇಂದಿಗೂ ಆ ಊರಿನ ಮೂರರಲ್ಲೊಂದು ಪಾಲು ಮಣ್ಣಿನೊಳಗೇ ಉಳಿದಿದೆ. ಇಷ್ಟು ಹೇಳಿ ನಾನು ಪುಸ್ತಕ ಮುಚ್ಚುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ತರಗತಿಯಲ್ಲಿ ಹೆಚ್ಚು ಮಾತನಾಡುವವಳಲ್ಲ. "ಸರ್, ನಮ್ಮ ನಾಡಿನಾಗ ಅಗ್ನಿಪರ್ವತದ ಬಾಜೂಕ ಕಟ್ಟಿದ ಊರು ಯಾವುದರ ಐತೇನ್ರಿ?" ಎಂದು ಕೇಳಿದಳು.

"ಇಲ್ಲ. ನಮ್ಮದು ಶಾಂತವಾದ ನೆಲ. ಭಾರತದಲ್ಲಿ ಈಗ ಹೊಗೆಯಾಡುವ ಅಗ್ನಿಪರ್ವತವೆಂದರೆ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪವೊಂದೇ. ಅಲ್ಲಿ ಊರಿಲ್ಲ, ಜನರೂ ಇಲ್ಲ" ಎಂದು ನಾನು ಧೈರ್ಯದಿಂದ ಉತ್ತರಿಸಿದೆ.

ಈ ಧೈರ್ಯ ಅಧ್ಯಾಪಕರ ಕೋಣೆಯವರೆಗೆ ಮಾತ್ರ ಉಳಿಯಿತು. ಅಲ್ಲಿ ಭೂವಿಜ್ಞಾನದ ಸಹೋದ್ಯೋಗಿಯೊಬ್ಬರಿಗೆ ಈ ಪ್ರಶ್ನೋತ್ತರವನ್ನು ತಿಳಿಸಿದಾಗ ಅವರು ಚಹದ ಬಟ್ಟಲನ್ನು ಕೆಳಗಿಟ್ಟು, "ಮುಂದಿನ ವಾರ ಹುಡುಗರನ್ನು ಎಲ್ಲಿಗೆ ಕರೆದೊಯ್ಯುತ್ತೀರಿ?" ಎಂದರು. "ವಿಜಾಪುರಕ್ಕೆ" ಎಂದೆ. "ಹಾಗಾದರೆ ನೀವು ಹೊರಟಿರುವುದೇ ಅಗ್ನಿಪರ್ವತದ ಊರಿಗೆ. ನೇಪಲ್ಸ್ ಬೆಂಕಿಯ ಮಗ್ಗುಲಲ್ಲಿದೆ, ನಿಮ್ಮ ವಿಜಾಪುರ ಬೆಂಕಿಯ ನೆತ್ತಿಯ ಮೇಲೆಯೇ ಕೂತಿದೆ" ಎಂದು ನಕ್ಕರು.

ಅವರಿಂದ ನಾನು ಅಂದು ಕಲಿತ ಪಾಠದ ಸಾರವಿಷ್ಟು. ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ, ಮನುಷ್ಯನೆಂಬ ಪ್ರಾಣಿಯ ಸುಳಿವೂ ಇಲ್ಲದಿದ್ದ ಕಾಲದಲ್ಲಿ, ಈಗ ದಖ್ಖನ್ ಎನಿಸುವ ನೆಲ ಅಲ್ಲಲ್ಲಿ ಉದ್ದುದ್ದ ಬಿರುಕುಬಿಟ್ಟಿತು. ಆ ಬಿರುಕುಗಳಿಂದ ಲಾವಾರಸ ಉಕ್ಕಿ ಹರಿದು, ಹಾಸಿ, ಆರಿತು. ಅದರ ಮೇಲೆ ಮತ್ತೊಂದು ಹರಿವು, ಅದರ ಮೇಲೆ ಇನ್ನೊಂದು. ಹೀಗೆ ಹರಿದ ಲಾವಾದಲ್ಲಿ ಸವೆದು ಉಳಿದಿರುವ ಭಾಗವೇ ಸುಮಾರು ೫ ಲಕ್ಷ ಚದರ ಕಿಲೋಮೀಟರಿನಷ್ಟು. ಪಶ್ಚಿಮಘಟ್ಟದಲ್ಲಿ ಮಹಾಬಲೇಶ್ವರದ ಕಡೆ ಪದರದ ಮೇಲೆ ಪದರ ಸೇರಿ ಸಾವಿರ ಮೀಟರಿಗೂ ಮಿಕ್ಕ ದಪ್ಪವುಂಟು; ನಮ್ಮ ಬೆಳಗಾವಿ, ವಿಜಾಪುರ, ಕಲಬುರಗಿ, ಬೀದರ ಜಿಲ್ಲೆಗಳತ್ತ ಬಂದಂತೆ ಅದರ ಸೆರಗು ತೆಳುವಾಗುತ್ತದೆ. ಬೆಟ್ಟಗಳ ಮೈ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದರಿಂದ ಮೆಟ್ಟಿಲೆಂಬ ಅರ್ಥದ ಸ್ವೀಡಿಷ್ ಮಾತಿನಿಂದ ಇದಕ್ಕೆ 'ದಖ್ಖನ್ ಟ್ರ್ಯಾಪ್' ಎಂಬ ಹೆಸರು ಬಂದಿತು. ಭೂಮಿಯ ಮೇಲಿಂದ ದೈತ್ಯ ಉರಗಗಳು ಅಳಿದದ್ದೂ ಸರಿಸುಮಾರು ಅದೇ ಕಾಲದಲ್ಲಿ. ಆ ಅಳಿವಿಗೆ ಆಕಾಶದಿಂದ ಬಿದ್ದ ಬಂಡೆಯ ಪಾಲೆಷ್ಟು, ಈ ಲಾವಾದ ಪಾಲೆಷ್ಟು ಎಂದು ವಿಜ್ಞಾನಿಗಳು ಇನ್ನೂ ಚರ್ಚಿಸುತ್ತಿದ್ದಾರೆ. ವಿಜಾಪುರದಲ್ಲಿ ಶಿಖರವಿರುವ, ಹೊಗೆ ಬಿಡುವ ಪರ್ವತ ಕಾಣದಿರುವುದಕ್ಕೆ ಕಾರಣವಿದು: ಉಕ್ಕಿದ್ದು ಬಿರುಕುಗಳಿಂದ, ಹರಿದು ನಿಂತದ್ದು ಬಯಲಾಗಿ.

ಹನ್ನೆರಡು ವರ್ಷಗಳಿಂದ ನಾನು ವಿದ್ಯಾರ್ಥಿಗಳನ್ನು ಆ ಊರಿಗೆ ಕರೆದೊಯ್ಯುತ್ತಿದ್ದೇನೆ. ಗುಮ್ಮಟದ ವ್ಯಾಸವೆಷ್ಟು, ತೋಪಿನ ತೂಕವೆಷ್ಟು, ಯಾವ ಸುಲ್ತಾನನ ಆಳಿಕೆ ಎಂದಿನಿಂದ ಎಂದಿನವರೆಗೆ ಎಂಬುದನ್ನೆಲ್ಲ ಬಾಯಿಪಾಠವಾಗಿ ಒಪ್ಪಿಸಿದ್ದೇನೆ. ಕಾಲ ಕೆಳಗಿನ ಕಲ್ಲು ಯಾವುದೆಂದು ಮಾತ್ರ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಈ ಸಲ ಅದನ್ನು ನೋಡಿಕೊಂಡೇ ಹೋಗಬೇಕೆಂದು ನಿಶ್ಚಯಿಸಿದೆ.

ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿ ನನ್ನ ಊರು. ನಸುಕಿನಲ್ಲಿ ಮನೆಯಿಂದ ಹೊರಟು ಹುಡುಗರ ಬಸ್ಸನ್ನು ಕೂಡಿಕೊಂಡೆ. ಹುಬ್ಬಳ್ಳಿ, ನವಲಗುಂದ, ನರಗುಂದಗಳನ್ನು ದಾಟಿ, ಕೊಣ್ಣೂರಿನಲ್ಲಿ ಮಲಪ್ರಭೆಯನ್ನೂ ಮುಂದೆ ಬಾಗಲಕೋಟೆಯ ಆಚೆ ಘಟಪ್ರಭೆಯನ್ನೂ ಕೊಲ್ಹಾರದಲ್ಲಿ ಕೃಷ್ಣೆಯನ್ನೂ ದಾಟುವ ದಾರಿ ಅದು. ಕಣ್ಣಿಟ್ಟು ನೋಡುವವನಿಗೆ ಈ ದಾರಿಯೇ ಒಂದು ಶಿಲಾಪಾಠ. ನಮ್ಮ ತಾಲೂಕಿನ ಬಂಕಾಪುರದ ಕೋಟೆಯೊಳಗೆ ಅರವತ್ತು ಕಂಬದ ಗುಡಿಯೆಂದು ಹೆಸರಾದ ನಗರೇಶ್ವರ ದೇವಾಲಯವಿದೆ. ಅದರ ಕಂಬಗಳು ಚರಕಿಯಲ್ಲಿ ತಿರುಗಿಸಿ ಕಡೆದಂತೆ ನುಣುಪಾಗಿವೆ. ಹಾನಗಲ್ಲಿನ ತಾರಕೇಶ್ವರನ ಗುಡಿಯ ಮಾಡಿನಲ್ಲಿ ಕಲ್ಲೇ ಕಮಲವಾಗಿ ಅರಳಿದೆ. ಅದು ಉಳಿಗೆ ಒಲಿಯುವ ಬಳಪದ ಜಾತಿಯ ಕಲ್ಲು. ಬಾದಾಮಿಯ ಕಡೆಗೆ ಹೊರಳಿದರೆ ಕೆಂಪು ಮರಳುಗಲ್ಲು, ಅದನ್ನು ಕೊರೆದು ಮಾಡಿದ ಗುಹೆಗಳು. ಕೃಷ್ಣೆಯ ಆಸುಪಾಸಿನಿಂದ ಉತ್ತರಕ್ಕೆ ನೆಲದ ಬಣ್ಣವೇ ಬದಲಾಗುತ್ತದೆ. ಮರಗಳು ವಿರಳವಾಗುತ್ತವೆ, ದಿಗಂತ ದೂರ ಸರಿಯುತ್ತದೆ, ಹೊಲದ ಬದುವಿನಲ್ಲಿ ಒಟ್ಟಿದ ಕಲ್ಲುಗಳೆಲ್ಲ ಇದ್ದಿಲಿನ ಬಣ್ಣಕ್ಕೆ ತಿರುಗುತ್ತವೆ. ಆ ಕಲ್ಲೇ ಲಕ್ಷಾಂತರ ವರ್ಷ ಕರಗಿ ಪುಡಿಯಾಗಿ ಎರೆಮಣ್ಣಾಗಿದೆ. ಡೋಣಿ ನದಿಯ ದಂಡೆ ಬೆಳೆದರೆ ಓಣಿಗೆಲ್ಲ ಜೋಳವೆಂಬ ಗಾದೆ ಹುಟ್ಟಿದ್ದು ಈ ಮಣ್ಣಿನಲ್ಲಿ. ಬೆಂಕಿ ಆರಿ ಕಲ್ಲಾಯಿತು, ಕಲ್ಲು ಕರಗಿ ಅನ್ನವಾಯಿತು ಎಂದು ಹುಡುಗರಿಗೆ ಹೇಳಿದೆ. ಹಿಂದಿನ ಸೀಟಿನಲ್ಲಿ ಕೂತಿದ್ದ ಆ ಹುಡುಗಿ, "ಮಳಿ ಬಂದರ, ಸರ್" ಎಂದಳು. ಅವಳು ಇಂಡಿ ತಾಲೂಕಿನ ಹಳ್ಳಿಯವಳೆಂದೂ, ನಮ್ಮ ಕಡೆ ಸೋದರಮಾವನ ಮನೆಯಲ್ಲಿದ್ದು ಓದುತ್ತಿರುವಳೆಂದೂ ಆಗ ತಿಳಿಯಿತು.

೨೦೧೪ರಿಂದ ಊರಿನ ಅಧಿಕೃತ ಹೆಸರು ವಿಜಯಪುರ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿಯೂ ಅದು ವಿಜಯಪುರವೇ ಆಗಿತ್ತು. ನಮ್ಮ ಕಡೆಯವರ ನಾಲಗೆಗೆ ಮಾತ್ರ ಇನ್ನೂ ವಿಜಾಪುರ. ಹದಿನೈದನೆಯ ಶತಮಾನದ ಕೊನೆಯಲ್ಲಿ ಯೂಸುಫ್ ಆದಿಲ್ ಖಾನನು ಇಲ್ಲಿ ಆದಿಲಶಾಹಿ ಮನೆತನದ ಬೀಜ ಬಿತ್ತಿದನು. ೧೬೮೬ರಲ್ಲಿ ಔರಂಗಜೇಬನು ಊರನ್ನು ಗೆಲ್ಲುವವರೆಗೆ, ಸುಮಾರು ಎರಡು ನೂರು ವರ್ಷ, ಈ ಕರಿಗಲ್ಲಿನ ಬಯಲಿನ ಮೇಲೆ ಒಂದು ರಾಜಧಾನಿ ಬಾಳಿತು.

ಗೋಲಗುಮ್ಮಟವನ್ನು ನೋಡದೆ ವಿಜಾಪುರವನ್ನು ನೋಡಿದೆನೆಂದರೆ ಯಾರೂ ಒಪ್ಪುವುದಿಲ್ಲ. ೧೬೨೭ರಿಂದ ೧೬೫೬ರವರೆಗೆ ಆಳಿದ ಮುಹಮ್ಮದ ಆದಿಲಶಾಹನ ಗೋರಿ ಇದು. ಕಪ್ಪು ಕಲ್ಲಿನ ಚೌಕ ಗೋಡೆ, ನಾಲ್ಕು ಮೂಲೆಗೆ ಏಳೇಳು ಅಂತಸ್ತಿನ ಎಂಟುಮೂಲೆಯ ಗೋಪುರಗಳು, ನಡುವೆ ಹೊರಗಿನಿಂದ ೪೪ ಮೀಟರು, ಒಳಗಿನಿಂದ ಸುಮಾರು ೩೮ ಮೀಟರು ವ್ಯಾಸದ ಗುಮ್ಮಟ. ಒಳಗೆ ಹೋಗಿ ತಲೆಯೆತ್ತಿದವನಿಗೆ ಮೊದಲು ಮೂಡುವ ಪ್ರಶ್ನೆ, ಇಷ್ಟು ಭಾರಕ್ಕೆ ಆಧಾರವೆಲ್ಲಿ ಎಂಬುದು. ಒಂದು ಕಂಬವೂ ಇಲ್ಲ. ಗೋಡೆಗಳಿಂದ ಎದ್ದ ಎಂಟು ಕಮಾನುಗಳು ಒಂದನ್ನೊಂದು ಹಾಯ್ದು ಹೆಣೆದುಕೊಂಡು, ಚೌಕವಾದ ಕೋಣೆಯನ್ನು ಮೇಲೆ ಮೇಲೆ ಕಿರಿದುಗೊಳಿಸುತ್ತವೆ. ಹೊರಕ್ಕೆ ಜಾರಬಯಸುವ ಗುಮ್ಮಟದ ಒತ್ತಡವನ್ನು ಒಳಕ್ಕೆ ಚಾಚಿದ ಈ ಹೆಣಿಗೆಯ ಭಾರವೇ ತಡೆದು ನಿಲ್ಲಿಸಿದೆ. ಗುಮ್ಮಟ ಕಲ್ಲಿನದಲ್ಲ, ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಅದನ್ನು ಹೊತ್ತದ್ದು ಲಾವಾಶಿಲೆ.

ಇಲ್ಲಿ ನನಗೆ ರೋಮಿನ ಪ್ಯಾಂಥಿಯಾನ್ ನೆನಪಾಯಿತು. ಎರಡನೆಯ ಶತಮಾನದ ಆ ಗುಡಿಯ ಗುಮ್ಮಟದ ವ್ಯಾಸ ೪೩ ಮೀಟರಿಗೂ ಹೆಚ್ಚು. ರೋಮನ್ನರು ತಮ್ಮ ಗಾರೆಗೆ ಅಗ್ನಿಪರ್ವತದ ಬೂದಿಯನ್ನು ಬೆರೆಸುತ್ತಿದ್ದರು. ನೇಪಲ್ಸ್ ಕೊಲ್ಲಿಯ ಪೊಟ್ಸುವೋಲಿ ಎಂಬ ಊರಿನಿಂದಲೇ ಅಂಥ ಬೂದಿಗೆ ಹೆಸರು ಬಂದಿದೆ. ಪ್ಯಾಂಥಿಯಾನಿನ ನೆತ್ತಿಯನ್ನು ಹಗುರಗೊಳಿಸಲು ಅವರು ಬಳಸಿದ್ದೂ ಅಗ್ನಿಪರ್ವತದ ರಂಧ್ರಮಯವಾದ ಕಲ್ಲನ್ನೇ. ಅಲ್ಲಿಯದು ನಿನ್ನೆ ಮೊನ್ನೆಯ ಬೆಂಕಿ, ಇಲ್ಲಿಯದು ಕೋಟಿ ವರ್ಷಗಳ ಹಿಂದಿನ ಬೆಂಕಿ. ಒಂದೂವರೆ ಸಾವಿರ ವರ್ಷಗಳ ಅಂತರದಲ್ಲಿ, ಒಬ್ಬರನ್ನೊಬ್ಬರು ಅರಿಯದ ಗವಂಡಿಗಳು ಆ ಬೆಂಕಿಯ ಬೂದಿಯಿಂದಲೂ ಕಲ್ಲಿನಿಂದಲೂ ಎರಡು ಆಕಾಶಗಳನ್ನು ಕಟ್ಟಿದರು.

ಮೇಲಿನ ಪಿಸುಗುಟ್ಟುವ ಮೊಗಸಾಲೆಗೆ ಹತ್ತಿದೊಡನೆ ಹುಡುಗರು ತಮ್ಮ ತಮ್ಮ ಹೆಸರುಗಳನ್ನು ಕೂಗತೊಡಗಿದರು. ಒಂದು ಕೂಗು ಏಳೆಂಟು ಸಲ ತಿರುಗಿ ಬರುತ್ತದೆ. ನಾನೂ ಹನ್ನೆರಡರ ವಯಸ್ಸಿನಲ್ಲಿ ಇಲ್ಲಿ ನಿಂತು ನನ್ನ ಹೆಸರನ್ನು ಕೂಗಿದವನೇ. ಅಂದು ವಿಜಾಪುರವೆಂದರೆ ನನ್ನ ಹೆಸರಿನ ಪ್ರತಿಧ್ವನಿಯಷ್ಟೇ ಆಗಿತ್ತು. ಆ ಹುಡುಗಿ ಕೂಗಲಿಲ್ಲ. ಕೆಳಗೆ ಗೋಡೆಯ ಕಲ್ಲಿಗೆ ಅಂಗೈಯೊತ್ತಿ ನಿಂತಿದ್ದಳು.

ಪಶ್ಚಿಮದ ಕೋಟೆಗೋಡೆಯ ಷೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಕೂತಿದೆ. ಸಿಂಹದ ಬಾಯಿ ಆನೆಯನ್ನು ನುಂಗುವ ಮೋರೆಯ, ೫೫ ಟನ್ನು ತೂಕದ ಈ ಕಂಚಿನ ತೋಪನ್ನು ೧೫೪೯ರಲ್ಲಿ ಅಹಮದನಗರದಲ್ಲಿ ಎರಕಹೊಯ್ದರು. ೧೮೫೪ರಲ್ಲಿ ಆಂಗ್ಲ ಅಧಿಕಾರಿಗಳು ಇದನ್ನು ನಿರುಪಯುಕ್ತ ಸಾಮಾನೆಂದು ಹರಾಜಿಗಿಟ್ಟಾಗ ಬಂದ ಅತಿ ಹೆಚ್ಚಿನ ಸವಾಲು ೧೫೦ ರೂಪಾಯಿ! ಮಾರಾಟ ರದ್ದಾದುದು ನಮ್ಮ ಪುಣ್ಯ. ಹತ್ತಿರದಲ್ಲಿಯೇ ಉಪ್ಪಲಿ ಬುರುಜು. ೧೫೮೪ರಲ್ಲಿ ಕಟ್ಟಿದ ಈ ಕಾವಲುಗೋಪುರದ ಹೊರಮೈಯನ್ನು ಸುತ್ತಿ ಏರುವ ಮೆಟ್ಟಿಲು ಹತ್ತಿ ನಿಂತರೆ ಊರೆಲ್ಲ ಕಣ್ಣಿನ ಕೆಳಗೆ. ಗುಮ್ಮಟಗಳ ಆಚೆ ಯಾವ ದಿಕ್ಕಿಗೆ ನೋಡಿದರೂ ಸಮನಾದ ಬಯಲು. ಹೊಳೆಯ ಗೆರೆಯೊಂದೂ ಕಾಣುವುದಿಲ್ಲ. ರಾಜಧಾನಿಗೆ ನದಿಯಿಲ್ಲ! ಹಂಪೆಗೆ ತುಂಗಭದ್ರೆಯುಂಟು, ಶ್ರೀರಂಗಪಟ್ಟಣಕ್ಕೆ ಕಾವೇರಿಯುಂಟು. ಕೃಷ್ಣೆ ಭೀಮೆಯರು ಈ ಊರನ್ನು ತೆಂಕಣಕ್ಕೂ ಬಡಗಣಕ್ಕೂ ದೂರವೇ ಬಿಟ್ಟು ಹರಿಯುತ್ತಾರೆ. ಹನ್ನೆರಡು ಸಲ ಈ ಊರನ್ನು ನೋಡಿದ ನನಗೆ ಈ ಪ್ರಶ್ನೆ ಹೊಳೆದದ್ದು ಆ ದಿನ: ಇಷ್ಟು ಜನ, ಇಷ್ಟು ಆನೆ ಕುದುರೆ, ಇಷ್ಟು ಸುಣ್ಣ ಗಾರೆ, ಇವಕ್ಕೆಲ್ಲ ನೀರೆಲ್ಲಿತ್ತು?

ಬಾರಾ ಕಮಾನಿನಲ್ಲಿ ಅರ್ಧಕ್ಕೆ ನಿಂತ ಕಮಾನುಗಳನ್ನು ನೋಡಿದೆವು. ಎರಡನೆಯ ಅಲಿ ಆದಿಲಶಾಹನು ತಂದೆಯ ಗುಮ್ಮಟವನ್ನು ಮೀರಿಸುವ ಗೋರಿಯನ್ನು ಕಟ್ಟತೊಡಗಿ, ೧೬೭೨ರಲ್ಲಿ ತೀರಿಕೊಂಡನು. ಮಾಡಿಲ್ಲದ ಆ ಕರಿಯ ಕಮಾನುಗಳಿಗೆ ಆಕಾಶವೇ ಗುಮ್ಮಟ. ಅಲ್ಲಿಂದ ಇಬ್ರಾಹಿಂ ರೋಜಾಕ್ಕೆ ಹೋದೆವು. ಈ ಕರಿಗಲ್ಲು ಬರಿಯ ಗಡಸಿನದೆಂಬ ಭ್ರಮೆ ಇದ್ದವರು ಇದನ್ನು ನೋಡತಕ್ಕದ್ದು. ಎರಡನೆಯ ಇಬ್ರಾಹಿಂ ಆದಿಲಶಾಹ ಮತ್ತು ಅವನ ರಾಣಿ ತಾಜ್ ಸುಲ್ತಾನಾ ಇವರ ಸಮಾಧಿಯ ಈ ಕಟ್ಟಡ ಮುಗಿದದ್ದು ೧೬೨೭ರ ಸುಮಾರಿಗೆ. ಕಟ್ಟಿಸಿದವನು ಮಲಿಕ್ ಸಂದಲ್. ಕಿಟಕಿಗಳಲ್ಲಿ ಅರಬ್ಬೀ ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದಿದ್ದಾರೆ. ಬೆಳಕು ಒಳಗೆ ಬರಬೇಕಾದರೆ ಅಕ್ಷರಗಳ ನಡುವಿನಿಂದಲೇ ಬರಬೇಕು. ಗೋರಿಯ ಕೋಣೆಯ ಮಾಡು ಚಪ್ಪಟೆಯಾದ ಕಲ್ಲುಹಾಸು. ಕೆಳಗಿನಿಂದ ಯಾವ ತೊಲೆಯ ಆಧಾರವೂ ಕಾಣದೆ ಗಾರೆಯ ಹಿಡಿತದಲ್ಲಿ ನಿಂತಿದೆ.

ಈ ಇಬ್ರಾಹಿಮನನ್ನು ಕನ್ನಡಿಗರು ಮರೆಯುವಂತಿಲ್ಲ. ಜನ ಅವನನ್ನು ಜಗದ್ಗುರುವೆಂದು ಕರೆದರು. ದಖ್ಖನಿ ಭಾಷೆಯಲ್ಲಿ ಅವನು ರಚಿಸಿದ 'ಕಿತಾಬ್-ಎ-ನೌರಸ್' ಎಂಬ ಹಾಡುಗಳ ಪುಸ್ತಕದಲ್ಲಿ ಸರಸ್ವತಿಯ ಸ್ತುತಿಯುಂಟು. ನವರಸದ ಹೆಸರಿನಲ್ಲಿಯೇ ಅವನು ೧೫೯೯ರಲ್ಲಿ ಊರಿನ ಪಶ್ಚಿಮಕ್ಕೆ ನೌರಸಪುರವೆಂಬ ಹೊಸ ನಗರವನ್ನು ಕಟ್ಟಲಾರಂಭಿಸಿದನು. ಅದರ ಹತ್ತಿರದ ಹಳ್ಳಿಯೇ ತೊರವೆ. ಕನ್ನಡ ಎಂ.ಎ. ಓದಿದ ನನಗೆ ತೊರವೆಯೆಂದರೆ ಅಲ್ಲಿಯ ನರಸಿಂಹನೂ, ಆ ದೇವರ ಅಂಕಿತದಲ್ಲಿ ಭಾಮಿನೀ ಷಟ್ಪದಿಯ ರಾಮಾಯಣ ಬರೆದ ಕುಮಾರ ವಾಲ್ಮೀಕಿಯೆಂಬ ನರಹರಿ ಕವಿಯೂ ಮಾತ್ರವಾಗಿದ್ದರು. ತೊರವೆ ವಿಜಾಪುರದ ನೀರಿನ ತವರು ಎಂಬುದನ್ನು ನಾನು ಓದಿ ತಿಳಿದದ್ದು ಈ ಪ್ರವಾಸದ ಸಿದ್ಧತೆಯಲ್ಲಿ. ಅಲ್ಲಿಯ ಸುರಂಗ ಬಾವಡಿಯಿಂದ ನೆಲದೊಳಗೆ ಕಾಲುವೆ ಕೊರೆದು ಆದಿಲಶಾಹಿಗಳು ಊರಿಗೆ ನೀರು ತಂದರು. ಇದು ಕರೇಜ್ ಎಂಬ ಪಾರಸಿಕ ವಿದ್ಯೆ. ಸುರಂಗದ ಉದ್ದಕ್ಕೂ ಗಾಳಿಗೆ, ಹೂಳೆತ್ತುವುದಕ್ಕೆ ಅಲ್ಲಲ್ಲಿ ಕಿಂಡಿಬಾವಿಗಳು; ನೀರು ಬಿಸಿಲಿಗೆ ಬೀಳದೆ, ಆವಿಯಾಗದೆ, ಬರಿಯ ಇಳಿಜಾರಿನಿಂದಲೇ ಹರಿಯುತ್ತದೆ. ಮುಂದೆ ಮುಹಮ್ಮದನ ಕಾಲದಲ್ಲಿ, ೧೬೫೧ರಲ್ಲಿ, ಊರಿನ ದಕ್ಷಿಣಕ್ಕೆ ಬೇಗಂ ತಾಲಾಬ್ ಕೆರೆಯಾಯಿತು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಹರಿದು, ಗಂಜ್ ಎಂಬ ಕಲ್ಲುಗೋಪುರಗಳಲ್ಲಿ ಒತ್ತಡ ತಗ್ಗಿಸಿಕೊಂಡು ಮನೆಮನೆಗೆ ಹೋಗುತ್ತಿತ್ತು. ಆ ಗಂಜುಗಳು ಇಂದಿಗೂ ಓಣಿಗಳ ನಡುವೆ ನಿಂತಿವೆ. ದಖ್ಖನ್ ಪ್ರಸ್ಥಭೂಮಿಯ ಇಂಥ ಹಳೆಯ ನೀರಿನ ವ್ಯವಸ್ಥೆಗಳನ್ನು ವಿಶ್ವ ಸ್ಮಾರಕ ನಿಧಿಯು ತನ್ನ ೨೦೨೦ರ ಕಾಳಜಿಯ ಪಟ್ಟಿಗೆ ಸೇರಿಸಿತು.

ಸಂಜೆ ನಾಲ್ಕರ ಹೊತ್ತಿಗೆ ತಾಜ್ ಬಾವಡಿಗೆ ಬಂದೆವು. ನಿಜ ಹೇಳಬೇಕೆಂದರೆ ನನ್ನ ಹಳೆಯ ಪಟ್ಟಿಯಲ್ಲಿ ಇದು ಇರಲೇ ಇಲ್ಲ. ೧೬೨೦ರಲ್ಲಿ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಕಟ್ಟಿದ ಬಾವಡಿ. ಎರಡು ಎಂಟುಮೂಲೆಯ ಗೋಪುರಗಳ ನಡುವೆ ದೊಡ್ಡ ಕಮಾನಿನ ಬಾಗಿಲು. ಒಳಗೆ ಒಂದೊಂದು ಪಕ್ಕಕ್ಕೆ ೬೮ ಮೀಟರಿನಷ್ಟು ಉದ್ದದ ಚೌಕ ಕೊಳ. ದಾರಿಹೋಕರು ತಂಗುವುದಕ್ಕೆ ಸುತ್ತ ಸಾಲುಕೋಣೆಗಳು. ಬಹುಕಾಲ ಕಸದ ತಿಪ್ಪೆಯಂತಾಗಿದ್ದ ಇದರ ಹೂಳನ್ನು ಈಚಿನ ವರ್ಷಗಳಲ್ಲಿ ಎತ್ತಿಸಿದ್ದಾರೆ. ನೀರು ಹಸಿರಾಗಿ, ನಿಶ್ಚಲವಾಗಿತ್ತು. ಉಳಿದ ಹುಡುಗರು ಚಿತ್ರ ತೆಗೆದುಕೊಳ್ಳುತ್ತಿದ್ದಾಗ ಆ ಹುಡುಗಿ ತಾನಾಗಿಯೇ ನನ್ನ ಹತ್ತಿರ ಬಂದಳು.

"ಸರ್, ಈ ಕಲ್ಲಿನಾಗ ನೀರು ಎಲ್ಲಿರತೈತಿ ಅನ್ನೋದು ನಮ್ಮಜ್ಜಗ ಗೊತ್ತಿತ್ರಿ. ಬಾವಿ ತೋಡೋ ಕೆಲಸ ಮಾಡತಿದ್ದ. ಮ್ಯಾಲಿನ ಕರಿಕಲ್ಲು ಒಡದರ ನೀರಿಲ್ಲ. ಅದರ ಬುಡಕ ತೂತು ತೂತಿನ ಕಲ್ಲು ಬರತೈತಿ, ಅದರ ಕೆಳಗ ಕೆಂಪು ಮಣ್ಣಿನ ಪದರ. ಆ ಕೆಂಪಿನ ಮ್ಯಾಲೆ ನೀರು ನಿಂತಿರತೈತಿ ಅಂತಿದ್ದ."

ನನ್ನ ಸಹೋದ್ಯೋಗಿ ಚಿತ್ರ ಬರೆದು ತೋರಿಸಿದ್ದೂ ಇದನ್ನೇ. ಒಂದೊಂದು ಲಾವಾ ಹರಿವಿನ ಮೇಲ್ಭಾಗ, ಅನಿಲದ ಗುಳ್ಳೆಗಳಿಂದಾಗಿ ರಂಧ್ರಮಯ; ನಡುಭಾಗ ಗಟ್ಟಿ. ಒಂದು ಹರಿವು ಆರಿ, ಇನ್ನೊಂದು ಬರುವುದರೊಳಗೆ ಮಳೆ ಗಾಳಿಗೆ ಸಿಕ್ಕ ಮೇಲ್ಮೈ ಕೆಂಪು ಮಣ್ಣಾಗುತ್ತಿತ್ತು. ಹೊಸ ಲಾವಾ ಅದನ್ನು ಸುಟ್ಟು ಮುಚ್ಚುತ್ತಿತ್ತು. ನೀರು ಸಿಗುವುದು ಬಿರುಕುಗಳಲ್ಲಿ, ರಂಧ್ರಗಳಲ್ಲಿ, ಇಂಥ ಸಂದಿಗಳಲ್ಲಿ. ಗಟ್ಟಿಕಲ್ಲಿನ ಹೊಟ್ಟೆಯಲ್ಲಿ ಏನೂ ಇಲ್ಲ. ಭೂವಿಜ್ಞಾನಿ ಕಾಗದದ ಮೇಲೆ ಬರೆದದ್ದನ್ನು ಈ ಹುಡುಗಿಯ ಅಜ್ಜ ಗುದ್ದಲಿಯಿಂದ ಓದಿದ್ದನು.

"ಈಗ ಆ ಬಾವಿ?" ಎಂದೆ.

"ಬತ್ತಿ ಭಾಳ ವರ್ಷ ಆತ್ರಿ. ಬೋರು ಕೊರಸಿದ್ರು, ಅದೂ ಬತ್ತಿತು. ಲಿಂಬಿ ಗಿಡ ಒಣಗಿದ ವರ್ಷ ನಮ್ಮಪ್ಪ ಅವ್ವ ಗೋವಾಕ್ಕ ಹೋದ್ರು, ಗವಂಡಿ ಕೆಲಸಕ್ಕ. ಅಲ್ಲಿ ನಮ್ಮಪ್ಪ ಮನಿ ಕಟ್ಟತಾನ್ರಿ. ಒಂದೊಂದು ಮನ್ಯಾಗ ಈಸಾಕ ಕೊಳಾನೂ ಕಟ್ಟತಾರಂತ." ಇಷ್ಟು ಹೇಳಿ ಅವಳು ನೀರಿನ ಕಡೆ ನೋಡಿದಳು. "ಅವರನ್ನ ಒಮ್ಮೆ ಇಲ್ಲಿಗೆ ಕರಕೊಂಡು ಬರಬೇಕ್ರಿ. ಊರ ಪಕ್ಕದಾಗ ಇದ್ರೂ ನಾವು ಯಾರೂ ಇದನ್ನ ನೋಡಿಲ್ಲ."

ನನಗೆ ಉತ್ತರ ಹೊಳೆಯಲಿಲ್ಲ. ವಿಜಾಪುರದ ಸೀಮೆಯ ಸಾವಿರಾರು ಸಂಸಾರಗಳು ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗವಂಡಿ ಕೆಲಸಕ್ಕೆ ಗುಳೆ ಹೋಗುತ್ತಿರುವುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಅದನ್ನು ಈ ಊರಿನ ಇತಿಹಾಸದ ಒಂದು ಅಧ್ಯಾಯವೆಂದು ನಾನು ಎಂದೂ ಎಣಿಸಿರಲಿಲ್ಲ. ಬಸ್ಸಿನಲ್ಲಿ ಕೂತು ನೆನೆದಷ್ಟೂ ಅದೇ ಮುಖ್ಯ ಅಧ್ಯಾಯವೆಂದು ತೋರಿತು. ೧೬೬೫-೬೬ರಲ್ಲಿ ಮಿರ್ಜಾ ರಾಜಾ ಜೈಸಿಂಗನು ದಂಡೆತ್ತಿ ಬಂದಾಗ ವಿಜಾಪುರದವರು ತಮ್ಮ ಊರಿನ ಸುತ್ತಲಿನ ಕೆರೆಗಳನ್ನು ತಾವೇ ಬರಿದು ಮಾಡಿದರು, ಬಾವಿಗಳನ್ನು ಕೆಡಿಸಿದರು. ನೀರಿಲ್ಲದ ಬಯಲಿನಲ್ಲಿ ಮುತ್ತಿಗೆ ಹಾಕಲಾರದೆ ಶತ್ರು ಹಿಂದಿರುಗಿದನು. ಊರನ್ನು ಉಳಿಸಿದ್ದು ಕೋಟೆಗಿಂತ ಹೆಚ್ಚಾಗಿ ಆ ಒಣನೆಲ. ಇಪ್ಪತ್ತು ವರ್ಷಗಳ ಮೇಲೆ ಔರಂಗಜೇಬನ ಸೇನೆ ವರ್ಷಕ್ಕೂ ಮಿಕ್ಕ ಮುತ್ತಿಗೆಯಿಂದ ಊರನ್ನು ಗೆದ್ದಿತು. ದೊರೆತನ ಹೋದ ಮೇಲೆ ಕೊಳವೆಗಳನ್ನು ನೋಡಿಕೊಳ್ಳುವವರಾರು? ಸುರಂಗಗಳು ಹೂಳಿದವು, ಓಣಿಗಳು ಬರಿದಾದವು. ೧೮೭೬-೭೮ರ ಭೀಕರ ಬರದಲ್ಲಿ ಮುಂಬಯಿ ಇಲಾಖೆಯೊಳಗೆ ಬಹಳವಾಗಿ ನೊಂದ ಸೀಮೆಗಳಲ್ಲಿ ಈ ಭಾಗವೂ ಒಂದು. ಈಚೆಗೆ ಆಲಮಟ್ಟಿಯ ಜಲಾಶಯದಿಂದ ಕೃಷ್ಣೆಯ ನೀರನ್ನು ಏತದಿಂದೆತ್ತಿ ಕೆರೆಗಳಿಗೆ ತುಂಬಿಸುತ್ತಿರುವುದು ಒಂದು ದೊಡ್ಡ ಸಮಾಧಾನ. ಆ ನೀರು ಎಲ್ಲ ಹಳ್ಳಿಗಳ ಬಾವಿಗಳನ್ನೂ ಮುಟ್ಟಿಲ್ಲವೆಂಬುದಕ್ಕೆ ನನ್ನ ವಿದ್ಯಾರ್ಥಿನಿಯೇ ಸಾಕ್ಷಿ.

ಪಾಂ‍ಪೆಯಲ್ಲಿ ೧೯೩೮ರಲ್ಲಿ ದಂತದ ಒಂದು ಹೆಣ್ಣುಗೊಂಬೆ ಸಿಕ್ಕಿತು. ಈಗ ಅದು ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿದೆ. ಗೇಣುದ್ದಕ್ಕಿಂತ ತುಸು ಹೆಚ್ಚಿನ ಆ ಗೊಂಬೆ ಭಾರತದಿಂದ ಹೋದದ್ದು. ಅದನ್ನು ಹೋಲುವ ದಂತದ ಗೊಂಬೆಗಳು ಮಹಾರಾಷ್ಟ್ರದ ತೇರ್ ಮತ್ತು ಭೋಕರದನ್ ಎಂಬ ಊರುಗಳಲ್ಲಿ ದೊರೆತಿವೆ. ಇವೆರಡೂ ವಿಜಾಪುರದಂತೆಯೇ ಲಾವಾಶಿಲೆಯ ನೆಲದ ಮೇಲಿರುವ ಊರುಗಳು. ನಮ್ಮ ದಖ್ಖನ್ನಿನ ಕುಶಲಕರ್ಮಿಯೊಬ್ಬನ ಕೈಗೆಲಸ ಸಮುದ್ರ ದಾಟಿ ಹೋಗಿ, ಇನ್ನೊಂದು ಬೆಂಕಿಯ ಬೂದಿಯಲ್ಲಿ ಹೂತು, ಸಾವಿರದ ಎಂಟುನೂರು ವರ್ಷ ಕಳೆದ ಮೇಲೆ ಎದ್ದು ಬಂದಿರಬಹುದೆಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ಪಾಂಪೆಯನ್ನು ಬೂದಿ ಒಂದೆರಡು ದಿನಗಳಲ್ಲಿ ಮುಚ್ಚಿ, ಇದ್ದದ್ದನ್ನು ಇದ್ದಂತೆ ಕಾಪಿಟ್ಟಿತು. ವಿಜಾಪುರಕ್ಕೆ ಅಂಥ ಕಾಪು ಇಲ್ಲ. ಇಲ್ಲಿ ಉಳಿದದ್ದೆಲ್ಲ ಯಾರೋ ಒಬ್ಬರು ಕಾಳಜಿ ಮಾಡಿದ್ದರಿಂದ ಉಳಿದಿದೆ. ಧಾರವಾಡದಲ್ಲಿ ೧೮೮೦ರಲ್ಲಿ ಹುಟ್ಟಿ, ಈ ಊರಿನಲ್ಲಿ ವಕೀಲಿ ಮಾಡಿದ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಳೆಗರಿಯ ಕಟ್ಟುಗಳನ್ನು ಕೂಡಿಸಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತರದಿದ್ದರೆ, ನಾನು ಇಂದು ತರಗತಿಯಲ್ಲಿ ಕಲಿಸುವ ಎಷ್ಟೋ ವಚನಗಳು ಗೆದ್ದಲಿನ ಪಾಲಾಗುತ್ತಿದ್ದವು. ತಾಜ್ ಬಾವಡಿಯ ಹೂಳೆತ್ತಿದ್ದೂ ಅದೇ ಜಾತಿಯ ಕೆಲಸ.

ವಿಜಾಪುರಕ್ಕೆ ಹೋಗಬಯಸುವ ವಾಚಕರು ಗೋಲಗುಮ್ಮಟವನ್ನು ಮುಂಜಾನೆ ಗದ್ದಲವಿಲ್ಲದ ಹೊತ್ತಿನಲ್ಲಿ ನೋಡಲಿ. ಇಬ್ರಾಹಿಂ ರೋಜಾವನ್ನು ಬೆಳಕು ಓರೆಯಾಗುವ ಸಂಜೆಯ ಹೊತ್ತಿನಲ್ಲಿ ನೋಡಲಿ. ಉಪ್ಪಲಿ ಬುರುಜನ್ನು ಹತ್ತಲಿ, ಓಣಿಯ ಗಂಜೊಂದನ್ನು ಹುಡುಕಿ ನಿಲ್ಲಲಿ. ಹೋದಲ್ಲೆಲ್ಲ ಒಮ್ಮೆ ಕಲ್ಲನ್ನು ಮುಟ್ಟಿ ನೋಡಲಿ. ತೂತುತೂತಿನ ಕಲ್ಲು ಕೈಗೆ ಸಿಕ್ಕರೆ, ಅದು ಕುದಿಯುತ್ತಿದ್ದಾಗ ಹೊರಬಿದ್ದ ಉಸಿರಿನ ಗುರುತೆಂದು ತಿಳಿಯಲಿ.

ಪ್ರವಾಸದ ಮೇಲೆ ಪ್ರಬಂಧ ಬರೆಯಿರೆಂದು ವಿದ್ಯಾರ್ಥಿಗಳಿಗೆ ಹೇಳಿದ್ದೆ. ಎಲ್ಲರ ಬರಹವೂ ಗುಮ್ಮಟದ ವ್ಯಾಸದಿಂದ ಆರಂಭವಾಗಿತ್ತು. ಅದು ನಾನೇ ಕಲಿಸಿದ ಕ್ರಮ. ಆ ಹುಡುಗಿಯದು ಮಾತ್ರ ತನ್ನಜ್ಜ ತೋಡಿದ ಬಾವಿಯಿಂದ ಆರಂಭವಾಗಿ ತಾಜ್ ಬಾವಡಿಯಲ್ಲಿ ಮುಗಿದಿತ್ತು. ಗುಮ್ಮಟದ ಮಾತು ನಡುವೆ ಒಂದೇ ವಾಕ್ಯ. ಅದಕ್ಕೆ ನಾನು ಎಲ್ಲರಿಗಿಂತ ಹೆಚ್ಚಿನ ಅಂಕ ಕೊಟ್ಟೆ. ಅಂದು ಅವಳ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತಪ್ಪಾಗಿತ್ತೆಂದು ತರಗತಿಯಲ್ಲಿ ಎಲ್ಲರೆದುರು ಒಪ್ಪಿಕೊಂಡೆ. ಮುಂದಿನ ಚಳಿಗಾಲದ ಪ್ರವಾಸಕ್ಕೆ ಪಟ್ಟಿ ಸಿದ್ಧವಾಗಿದೆ. ಅದರಲ್ಲಿ ಮೊದಲನೆಯ ಹೆಸರು ತಾಜ್ ಬಾವಡಿ.